ದವಾಖಾನೆಯ ಹೊಸ್ತಿಲು, ತಂಬಾಕಿನ ವಖಾರಿ

ನಮ್ಮಲ್ಲಿ ಆರೋಗ್ಯದ ಚರಿತ್ರೆಯೆಂದರೆ ಈವರೆಗೆ ರೋಗಗಳ ಚರಿತ್ರೆ, ಇಲ್ಲವೇ ಆಸ್ಪತ್ರೆಗಳ ಚರಿತ್ರೆ. ಪ್ಲೇಗು ಯಾವ ವರ್ಷ ಬಂತು, ದವಾಖಾನೆಗೆ ಅಡಿಗಲ್ಲು ಯಾರು ಇಟ್ಟರು ಎಂಬುದಕ್ಕೆ ದಾಖಲೆಗಳಿವೆ. ಕೇರಿಯ ಮಂದಿ ಯಾಕೆ ಬೇನೆ ಬಿದ್ದರು ಎಂದು ಕೇಳಿದರೆ ಮಾತ್ರ ಸಿದ್ಧ ಉತ್ತರ ಒಂದೇ: ಅಜ್ಞಾನ, ಕೊಳಕು, ಮೂಢನಂಬಿಕೆ. ಈ ಉತ್ತರ ಎಷ್ಟು ಪೊಳ್ಳು ಎಂಬುದನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಚರಿತ್ರೆಯೇ ಹೇಳುತ್ತದೆ.

ನಮ್ಮ ಆಯಿ ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ದುಡಿದಾಕಿ. ಮನೆಗೆ ಬಂದರೆ ಸೀರೆಯ ಸೆರಗಿಗೂ ಘಾಟು. ದಮ್ಮು ಹತ್ತಿದಾಗ ಡಾಕ್ಟರು ಗುಳಿಗೆ ಬರೆದುಕೊಟ್ಟು ಹೇಳಿದ್ದು: ವಿಶ್ರಾಂತಿ ತಗೊ, ಹಾಲು ತತ್ತಿ ತಿನ್ನು, ತಂಬಾಕು ಬಿಡು. ಹೊರಗೆ ಬಂದು ಆಯಿ ಅಂದಳು: "ನಾ ಎಲ್ಲಿ ತಂಬಾಕ ತಿಂತೀನಬೇ ಯವ್ವಾ, ಅದಽ ನನ್ನ ತಿನ್ನಾಕತ್ತೈತಿ. ನಾಕ ದಿನ ಮನ್ಯಾಗ ಕುಂತ್ರ ಒಲಿ ಹಚ್ಚಾವ್ರ್ಯಾರು?" ಆ ಚೀಟಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆಯಿಯ ರೋಗ ಅದರೊಳಗೆ ಅರ್ಧ ಮಾತ್ರ ಇತ್ತು. ಉಳಿದರ್ಧ ವಖಾರಿಯಲ್ಲಿತ್ತು, ಕೂಲಿಯಲ್ಲಿತ್ತು, ಜಾತಿಯಲ್ಲಿತ್ತು.

ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. 1923ರ ಆಗಸ್ಟ್‌ನಲ್ಲಿ ಮುಂಬಯಿ ಶಾಸನಸಭೆ ಒಪ್ಪಿದ ಎಸ್.ಕೆ. ಬೋಲೆಯವರ ಠರಾವನ್ನು ನಾವು ಕೆರೆ-ಬಾವಿಗಳ ಠರಾವೆಂದೇ ಓದುತ್ತ ಬಂದಿದ್ದೇವೆ. ಅದರಲ್ಲಿ ಸಾಲೆ, ಕೋರ್ಟು, ಕಚೇರಿಗಳ ಜೊತೆಗೆ ದವಾಖಾನೆಯ ಹೆಸರೂ ಇತ್ತು. ಸರ್ಕಾರದ ದುಡ್ಡಿನ ದವಾಖಾನೆಯೊಳಗೆ ಅಸ್ಪೃಶ್ಯರೂ ಕಾಲಿಡಬಹುದು ಎಂದು ಶಾಸನಸಭೆ ಬಾಯಿಬಿಟ್ಟು ಹೇಳಬೇಕಾದ ಕಾಲ ಅದು. ಹೇಳಿದ್ದಾದರೂ ಬರಿಯ ಶಿಫಾರಸು. ಎರಡು ವರ್ಷ ತುಂಬುವುದರೊಳಗೆ, 1925ರ ಏಪ್ರಿಲ್‌ನಲ್ಲಿ, ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಿಪ್ಪಾಣಿಯಲ್ಲಿ ಕೂಡಿತು. ಅಂಬೇಡ್ಕರ್ ಬಂದು ಮಾತಾಡಿದರು. 1927ರ ಮಾರ್ಚ್ 20ರಂದು ಅವರು ಮಹಾಡದ ಕೆರೆಯ ನೀರು ಮುಟ್ಟಿದರು. ಠರಾವು ಕಾಗದದಿಂದ ಎದ್ದು ನಡೆಯಬೇಕಾದರೆ ಜನ ಮೊದಲು ನಡೆಯಬೇಕಾಯಿತು.

ನಡೆಯದಿದ್ದಲ್ಲಿ ಏನಾಗುತ್ತಿತ್ತು? ಅಂಬೇಡ್ಕರ್ ತಮ್ಮ ಆತ್ಮಕಥನದ ಪುಟಗಳಲ್ಲಿ 1929ರ ಕಾಠಿಯಾವಾಡದ ಒಂದು ಘಟನೆ ಕೊಟ್ಟಿದ್ದಾರೆ. ಅಸ್ಪೃಶ್ಯ ಶಿಕ್ಷಕನೊಬ್ಬನ ಬಾಣಂತಿ ಹೆಂಡತಿಗೆ ಜ್ವರ. ಡಾಕ್ಟರು ಕೇರಿಯೊಳಗೆ ಬರಲೊಲ್ಲ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಆತ ಗಂಡನ ಕೈಗೆ, ಗಂಡ ಹೆಂಡತಿಗೆ. ಹಾಗೆಯೇ ವಾಪಸು. ಆಕೆ ಬದುಕಲಿಲ್ಲ. ಡಾಕ್ಟರು ಇದ್ದ, ಉಪಕರಣ ಇತ್ತು; ನಡುವೆ ಜಾತಿ ಇತ್ತು.

ಹೊಸ್ತಿಲು ದಾಟಿದ ಮೇಲೆ ಎದುರಾದದ್ದು ವಖಾರಿ. ನಿಪ್ಪಾಣಿ ತಂಬಾಕಿನ ಪೇಟೆ. ತಂಬಾಕು ಕುಟ್ಟಿ, ಜರಡಿ ಹಿಡಿದು, ಧೂಳು ಕುಡಿದವರು ಹೆಣ್ಣುಮಕ್ಕಳು. 1980ರ ಆಸುಪಾಸು ಅವರು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಸಂಘಟಿತರಾದರು. ಅವರ ಸಂಪಿನ ಮೇಲೆ ಯುಗಾಂತರ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿತು. ಈ ಸಂಪನ್ನು ನಾನು ಆರೋಗ್ಯ ಚಳವಳಿ ಎಂದು ಕರೆಯುತ್ತೇನೆ. ಕೂಲಿ ಏರಿದರೆ ತಾಟಿಗೆ ಕಾಳು ಬರುತ್ತದೆ. ದುಡಿಮೆಯ ತಾಸು ಕಡಿಮೆಯಾದರೆ ಎದೆಯೊಳಗೆ ಹೋಗುವ ಧೂಳು ಕಡಿಮೆ. 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲಿ ಗಾಳಿ-ಬೆಳಕು, ಪಾಯಖಾನೆ, ಕೂಸಿನ ಮನೆ ಎಲ್ಲ ಬರೆದಿತ್ತು. 1976ರಲ್ಲಿ ಕಲ್ಯಾಣ ನಿಧಿಯೂ ಬಂತು. ಅದರ ದವಾಖಾನೆಗೆ ಹೋಗಲು ಗುರುತಿನ ಚೀಟಿ ಬೇಕು. ಆ ನಿಧಿಗೆ ದುಡ್ಡು ತರುತ್ತಿದ್ದ ಸೆಸ್ಸು 2017ರಲ್ಲಿ ಜಿ.ಎಸ್.ಟಿ. ಬಂದಾಗ ರದ್ದಾಯಿತು.

ದೇವದಾಸಿಯರ ಕತೆಯೂ ಇದೇ ದಾರಿಯದು. ಮುಂಬಯಿ ಸರ್ಕಾರ 1934ರಲ್ಲಿ, ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿದವು. ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು. ಕಟ್ಟಿಸಿಕೊಂಡಾಕೆಯ ಹಸಿವಿಗೆ, ಜ್ವರಕ್ಕೆ ಹೊಣೆ ಯಾರು? ತೊಂಬತ್ತರ ದಶಕದಲ್ಲಿ ಏಡ್ಸ್ ಬಂದಾಗ ಸಮಾಜ ಇವರನ್ನು ರೋಗ ಹರಡುವವರೆಂದು ಬೊಟ್ಟು ಮಾಡಿತು. ಸಾಂಗಲಿಯಲ್ಲಿ 1992ರಲ್ಲಿ ಶುರುವಾದ ಸಂಗ್ರಾಮ್ ಸಂಸ್ಥೆಯ ಜೊತೆ ನಿಂತು, 1996ರಲ್ಲಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು ಕಟ್ಟಿಕೊಂಡ ಹೆಣ್ಣುಮಕ್ಕಳು ತಾವೇ ಕಾಂಡೋಮ್ ಹಂಚಿದರು. ನಿಪ್ಪಾಣಿಯವರೂ ಅದರಲ್ಲಿದ್ದರು, 2002ರಲ್ಲಿ ದಾಳಿಯನ್ನೂ ಎದುರಿಸಿದರು. ರೋಗಿ ಎಂದು ಎಣಿಸಲ್ಪಟ್ಟವಳೇ ಆರೋಗ್ಯ ಕಾರ್ಯಕರ್ತೆಯಾದದ್ದು ಸಣ್ಣ ಮಾತಲ್ಲ.

ಇಲ್ಲಿ ನಾವು ನಮ್ಮನ್ನೂ ಕೇಳಿಕೊಳ್ಳಬೇಕು. 1981ರಲ್ಲಿ ನಿಪ್ಪಾಣಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ತಂಬಾಕು ಬೆಳೆಗಾರರನ್ನು ರೈತ ಚಳವಳಿ ನೆನೆಯುತ್ತದೆ, ನೆನೆಯಲೇಬೇಕು. 1925ರ ಪರಿಷತ್ತನ್ನು ನಾವು ನೆನೆಯುತ್ತೇವೆ. ಅದೇ ತಂಬಾಕಿನ ಧೂಳು ಕುಡಿದ ಹೆಂಗಸರನ್ನು ಇಬ್ಬರೂ ಮರೆತಿದ್ದೇವೆ. ದಲಿತ ಚರಿತ್ರೆಯಲ್ಲಿ ಭಾಷಣವಿದೆ, ಕೆಮ್ಮು ಇಲ್ಲ.

ಹಾಗಾದರೆ ಏನು ಮಾಡುವುದು? ಉಪದೇಶದ ಶಿಬಿರಗಳು ಸಾಕು. ಕೇರಿಗೆ ನಳ, ವಖಾರಿಗೆ ಕಿಟಕಿ, ಕೂಸಿಗೆ ನೆರಳು, ಬೇನೆಯ ದಿನಕ್ಕೂ ಕೂಲಿ, ಕೈಗೆ ಗುರುತಿನ ಚೀಟಿ: ಇವು ಊರಿನಲ್ಲೇ ಕೇಳಿ ಪಡೆಯುವಂಥವು. ಇವು ಸಿಕ್ಕ ಮೇಲೆ ಗುಳಿಗೆ ಕೆಲಸ ಮಾಡೀತು. ವಿದ್ಯಾರ್ಥಿ ಗೆಳೆಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಅವ್ವ, ಆಯಿಯರ ಹಳೇ ದವಾಖಾನೆ ಚೀಟಿಗಳನ್ನು ಬಿಸಾಡಬೇಡಿರಿ. ಅವರನ್ನು ಕೂಡ್ರಿಸಿ ಕೇಳಿರಿ, ಬರೆದಿಡಿರಿ. ನಮ್ಮ ಚರಿತ್ರೆಯ ಎಷ್ಟೋ ಪುಟಗಳು ಆ ಚೀಟಿಗಳ ಹಿಂದೆ ಖಾಲಿ ಉಳಿದಾವ.