ಸ್ವಿಚ್ಚು ಸುಮ್ಮನಿದ್ದರೆ ಏನರ್ಥ? ನೆಟ್‌ವರ್ಕ್ ಎಚ್ಚರಿಕೆಗಳ ಇತಿಹಾಸ ಮತ್ತು ಪಾವಗಡ
ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಪಾರ್ಕು 2018ರ ಮಾರ್ಚ್ 1ರಂದು ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ಇಂಥ ಹರವಿನಲ್ಲಿ ಇನ್ವರ್ಟರು, ಮೀಟರು, ಉಪಕೇಂದ್ರಗಳ ಮಾಹಿತಿ ನಿಯಂತ್ರಣ ಕೊಠಡಿ ಸೇರುವುದು ನೆಟ್‌ವರ್ಕ್ ಸ್ವಿಚ್ಚುಗಳ ಮೂಲಕ. ಒಂದು ಸ್ವಿಚ್ಚು ಕೆಟ್ಟರೆ ತಿಳಿಯುವುದು ಹೇಗೆ ಎಂದು ಕೇಳಿದರೆ, ಅದೇ ಎಚ್ಚರಿಸುತ್ತದೆ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಎಚ್ಚರಿಕೆ ತಂತ್ರದ ಇತಿಹಾಸ ಆ ಉತ್ತರವನ್ನು ಒಪ್ಪುವುದಿಲ್ಲ. ಎಚ್ಚರಿಕೆ ಸಂದೇಶ ಹುಟ್ಟಿದ್ದು ಸುಳಿವಾಗಿ; ಅದನ್ನು ಖಾತರಿಯೆಂದು ನಂಬಿದ್ದು ನಂತರದ ರೂಢಿ ಎಂಬುದು ನನ್ನ ವಾದ.

1988ರ ಆಗಸ್ಟ್‌ನಲ್ಲಿ ಜೆಫ್ರಿ ಕೇಸ್ ಮತ್ತು ಸಂಗಡಿಗರು ಪ್ರಕಟಿಸಿದ, ನೆಟ್‌ವರ್ಕ್ ಸಾಧನಗಳ ನಿಗಾಕ್ಕೆಂದು ರೂಪಿಸಿದ ಎಸ್‌ಎನ್‌ಎಂಪಿ ನಿಯಮಾವಳಿಯೇ ಇದಕ್ಕೆ ಮೊದಲ ಸಾಕ್ಷಿ. ನಿರ್ವಾಹಕ ಯಂತ್ರ ಪ್ರತಿ ಸಾಧನವನ್ನೂ ಆಗಾಗ ವಿಚಾರಿಸುತ್ತಿರಬೇಕು. ‘ಟ್ರ್ಯಾಪ್’ ಎಂಬ ಎಚ್ಚರಿಕೆಗಳು ಕೆಲವೇ ಇದ್ದು, ಯಾವುದನ್ನು ಯಾವಾಗ ವಿಚಾರಿಸಬೇಕೆಂದು ತೋರಿಸಿದರೆ ಸಾಕು ಎಂಬುದು ಅಲ್ಲಿನ ನಿಲುವು. ಹಾಗಾಗಿಯೇ ಕೊಂಡಿ ಕಡಿದದ್ದು, ಸಾಧನ ಮರುಚಾಲೂ ಆದದ್ದು ಮುಂತಾದ ಆರು ಸಾಮಾನ್ಯ ಬಗೆಗಳನ್ನಷ್ಟೇ ಹೆಸರಿಸಿ, ಉಳಿದದ್ದನ್ನು ತಯಾರಕರಿಗೆ ಬಿಟ್ಟರು. ಟ್ರ್ಯಾಪ್ ಸ್ವೀಕೃತಿ ಕೇಳದ ಯುಡಿಪಿ ಎಂಬ ಸಾಗಣೆ ವಿಧಾನದಲ್ಲಿ 162ನೇ ಪೋರ್ಟಿಗೆ ಹೋಗುತ್ತದೆ. ತಲುಪಿತೋ ಇಲ್ಲವೋ ಎಂದು ಕಳಿಸಿದ ಸ್ವಿಚ್ಚಿಗೆ ಗೊತ್ತಾಗುವುದಿಲ್ಲ.

ಕಮಾಂಡ್ ಲೈನಿನಲ್ಲಿ ಈ ಇತಿಹಾಸ ಇಂದಿಗೂ ಕಾಣುತ್ತದೆ. ಸಿಸ್ಕೊ ಸ್ವಿಚ್ಚಿನಲ್ಲಿ ‘ಎಸ್‌ಎನ್‌ಎಂಪಿ-ಸರ್ವರ್ ಎನೇಬಲ್ ಟ್ರ್ಯಾಪ್ಸ್’ ಎಂದು ಬರೆದರೆ ಯಾವ ಘಟನೆಗಳಿಗೆ ಎಚ್ಚರಿಕೆ ಹೊರಡಬೇಕೆಂದು ಹೇಳಿದಂತಾಯಿತು, ಅಷ್ಟೇ. ಯಾರಿಗೆ ಎಂಬುದನ್ನು ‘ಎಸ್‌ಎನ್‌ಎಂಪಿ-ಸರ್ವರ್ ಹೋಸ್ಟ್’ ಸಾಲಿನಲ್ಲಿ ವಿಳಾಸ ಸಮೇತ ಬೇರೆಯಾಗಿ ಬರೆಯಬೇಕು. ಈ ಎರಡನೇ ಸಾಲು ಬಿಟ್ಟುಹೋದರೆ ಸ್ವಿಚ್ಚು ದೋಷವೇನನ್ನೂ ತೋರಿಸದು, ಆದರೆ ಒಂದು ಎಚ್ಚರಿಕೆಯೂ ಹೊರಗೆ ಹೋಗದು. ಸಾಲಿನಲ್ಲಿ ‘ಇನ್‌ಫಾರ್ಮ್ಸ್’ ಎಂದು ಸೇರಿಸದಿದ್ದರೆ ಸ್ವೀಕೃತಿ ಕೇಳದ ಹಳೆಯ ಟ್ರ್ಯಾಪೇ ಹೋಗುತ್ತದೆ. ಕೊನೆಗೆ ಸೇವ್ ಮಾಡದಿದ್ದರೆ, ಮುಂದಿನ ಸಲ ಕರೆಂಟು ಹೋಗಿ ಬಂದಾಗ ಬರೆದದ್ದೆಲ್ಲ ಅಳಿಸಿರುತ್ತದೆ.

1993ರ ಎರಡನೇ ಆವೃತ್ತಿ ‘ಇನ್‌ಫಾರ್ಮ್’ ತಂದಿತು, ಸ್ವೀಕೃತಿ ಬರುವವರೆಗೆ ಮತ್ತೆ ಕಳಿಸುತ್ತದೆ, ಹಾಗಾಗಿ ಸಮಸ್ಯೆ ಬಗೆಹರಿಯಿತಲ್ಲ ಎಂಬ ಆಕ್ಷೇಪ ಬರಬಹುದು. ಅರ್ಧ ಮಾತ್ರ ಬಗೆಹರಿಯಿತು. ಮರುಯತ್ನಗಳಿಗೂ ಮಿತಿಯಿದೆ. ನಿಯಂತ್ರಣ ಕೊಠಡಿಗಿರುವ ಒಂದೇ ಕೇಬಲ್ ತುಂಡಾದರೆ, ಆ ಸುದ್ದಿ ಸಾಗಬೇಕಾದದ್ದೂ ಅದೇ ಕೇಬಲ್ಲಿನಲ್ಲಿ. ವಿದ್ಯುತ್ ಉಪಕೇಂದ್ರಗಳ ಐಇಸಿ 61850 ಮಾನದಂಡ ಹಿಡಿದ ದಾರಿ ಇದಕ್ಕಿಂತ ಗಟ್ಟಿ: ಅದರ ‘ಗೂಸ್’ ಸಂದೇಶ ಏನೂ ಬದಲಾಗದಿದ್ದಾಗಲೂ ನಿಗದಿತ ಅಂತರದಲ್ಲಿ ಬರುತ್ತಲೇ ಇರುತ್ತದೆ, ಗಡುವು ಮೀರಿದರೆ ಸಂಪರ್ಕ ತಪ್ಪಿದೆಯೆಂದು ಕೇಳುವ ಸಾಧನವೇ ತೀರ್ಮಾನಿಸುತ್ತದೆ. ಹಾಗಾದರೆ ಎಚ್ಚರಿಕೆಯೇ ಬೇಡ, ವಿಚಾರಣೆಯೊಂದೇ ಸಾಕು ಎನ್ನುವಂತೆಯೂ ಇಲ್ಲ. ಐದು ನಿಮಿಷಕ್ಕೊಮ್ಮೆ ವಿಚಾರಿಸುವ ನಿರ್ವಾಹಕನಿಗೆ, ನಡುವೆ ಹತ್ತು ಸೆಕೆಂಡು ಕಡಿದು ಮತ್ತೆ ಕೂಡಿದ ಕೊಂಡಿ ಸರಿಯಾಗಿಯೇ ಕಾಣುತ್ತದೆ. ಸಡಿಲಗೊಂಡ ಕನೆಕ್ಟರಿನ ಮೊದಲ ಲಕ್ಷಣ ಬಹಳ ಸಲ ಅಷ್ಟು ಚಿಕ್ಕದೇ ಆಗಿರುತ್ತದೆ, ಅದನ್ನು ಆಗಲೇ ಹಿಡಿದುಕೊಡುವುದು ಟ್ರ್ಯಾಪ್.