ಒಂದು ಪೆನ್ನಿಯ ವಿದ್ಯಾಪೀಠ

ಉಪಗ್ರಹ ಹಾರಿದ ಮರುದಿನ ಬೆಂಗಳೂರಿನ ಹೋಟೆಲುಗಳಲ್ಲಿ ಬೈ-ಟು ಕಾಫಿಯ ಮುಂದೆ ಅದರ ಕಕ್ಷೆಯ ಬಗ್ಗೆ ವಾದಿಸುವವರು ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ. ಗುಮಾಸ್ತರು, ಮೇಷ್ಟರು, ನಿವೃತ್ತರು. ಓದಿದ್ದು, ಕೇಳಿದ್ದು, ಊಹಿಸಿದ್ದು ಎಲ್ಲವನ್ನೂ ಸೇರಿಸಿ ಮಾತಾಡುತ್ತಾರೆ. ಅರ್ಧ ಸರಿ, ಅರ್ಧ ತಪ್ಪು. ಇಂಥ ಹರಟೆಯಿಂದ ಏನು ಪ್ರಯೋಜನ ಎಂದು ಮೂಗು ಮುರಿಯುವವರೂ ಉಂಟು. ಆದರೆ ಗ್ರಹಗಳ ಕಕ್ಷೆಯ ಗುಟ್ಟನ್ನು ಬಿಡಿಸಿದ ಗ್ರಂಥದ ಹುಟ್ಟಿನಲ್ಲಿಯೇ ಇಂಥದೊಂದು ಹರಟೆ ಇದೆ, ಒಂದು ಪಂದ್ಯ ಇದೆ, ಒಂದು ಜಗಳವೂ ಇದೆ. ಅದು ನಡೆದದ್ದು ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ, ಅಲ್ಲಿನ ಕಾಫಿಮನೆಗಳ ಕಾಲದಲ್ಲಿ.

ಇಂಗ್ಲೆಂಡಿಗೆ ಕಾಫಿ ಬಂದದ್ದು ತುರ್ಕಿ ನಾಡಿನ ವ್ಯಾಪಾರದ ಜೊತೆಗೆ. 1650ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಜೇಕಬ್ ಎಂಬ ಯಹೂದಿ ಕಾಫಿ ಮಾರತೊಡಗಿದನೆಂದು ಆ ಊರಿನ ಚರಿತ್ರೆ ಬರೆದ ಆಂಟನಿ ವುಡ್ ಹೇಳುತ್ತಾನೆ. 1652ರಲ್ಲಿ ಪಾಸ್ಕ್ವಾ ರೋಸಿ ಎಂಬವನು ಲಂಡನ್ನಿನ ಕಾರ್ನ್‌ಹಿಲ್ ಬಳಿಯ ಸೇಂಟ್ ಮೈಕೇಲ್ಸ್ ಓಣಿಯಲ್ಲಿ ಅಂಗಡಿ ತೆರೆದ. ಅವನು ಡೇನಿಯಲ್ ಎಡ್ವರ್ಡ್ಸ್ ಎಂಬ ವರ್ತಕನ ಸೇವಕ. ಹತ್ತು ಹನ್ನೊಂದು ವರ್ಷಗಳಲ್ಲಿ ಲಂಡನ್ನಿನ ಕಾಫಿಮನೆಗಳ ಸಂಖ್ಯೆ 80 ದಾಟಿತು. ಆ ಕಾಫಿಯ ತವರು ಯೆಮನ್. ಬಾಬಾಬುಡನ್ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ನಮ್ಮ ಐತಿಹ್ಯ ಹೇಳುವುದೂ ಅದೇ ಶತಮಾನದ ಮಾತು, ಅದೇ ಯೆಮನ್ ನಾಡಿನ ಮಾತು.

ಕಾಫಿಮನೆಯ ಕಟ್ಟಳೆ

ಒಳಗೆ ಬರುವವನು ಒಂದು ಪೆನ್ನಿ ಕೊಡಬೇಕು. ಅಷ್ಟಕ್ಕೆ ಒಂದು ಬಟ್ಟಲು ಕಾಫಿ, ಬೆಂಕಿಯ ಬಳಿ ಕೂರಲು ಜಾಗ, ಮೇಜಿನ ಮೇಲಿನ ಸುದ್ದಿಪತ್ರ, ಎಲ್ಲಕ್ಕಿಂತ ಹೆಚ್ಚಾಗಿ ಮಾತು. ಉದ್ದನೆಯ ಮೇಜಿನಲ್ಲಿ ಎಲ್ಲಿ ಜಾಗ ಖಾಲಿಯೋ ಅಲ್ಲಿ ಕೂರುವುದು. ದೊಡ್ಡವರು ಬಂದರೆಂದು ಎದ್ದು ಜಾಗ ಬಿಡಬೇಕಾಗಿಲ್ಲ ಎಂದು 1674ರಲ್ಲಿ ಅಚ್ಚಾದ ಕಾಫಿಮನೆಯ ನಿಯಮಗಳ ಒಂದು ಹಾಳೆ ಸಾರುತ್ತದೆ. ಆಣೆ ಹಾಕಿ ಬೈದವನಿಗೆ ಹನ್ನೆರಡು ಪೆನ್ನಿ ದಂಡ. ಜಗಳ ತೆಗೆದವನು ಎಲ್ಲರಿಗೂ ಒಂದೊಂದು ಬಟ್ಟಲು ಕಾಫಿ ಕೊಡಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಈ ನಿಯಮಗಳು ಪದ್ಯರೂಪದಲ್ಲಿವೆ. ಅರ್ಧ ತಮಾಷೆಯೂ ಇರಬಹುದು. ಆದರೆ ಅಲ್ಲಿ ಮಾತು ಬಿಸಿಯೇರುತ್ತಿತ್ತು, ಅದಕ್ಕೊಂದು ಕಡಿವಾಣ ಬೇಕಿತ್ತು ಎಂಬುದಂತೂ ಅದರಿಂದ ತಿಳಿಯುತ್ತದೆ.

ಹೆಂಡದಂಗಡಿಯಲ್ಲಿ ಹೊತ್ತೇರಿದಂತೆ ಬುದ್ಧಿ ಮಂಕಾಗುತ್ತದೆ. ಕಾಫಿಮನೆಯಲ್ಲಿ ಹಾಗಲ್ಲ. ಆದ್ದರಿಂದಲೇ ವರ್ತಕರು, ವೈದ್ಯರು, ವಕೀಲರು, ಹಡಗಿನ ನಾಯಕರು, ಗಡಿಯಾರ ಮಾಡುವವರು ಅಲ್ಲಿ ಕಲೆಯತೊಡಗಿದರು. ಒಂದು ಪೆನ್ನಿಗೆ ಸಿಗುವ ವಿದ್ಯಾಪೀಠ ಎಂಬ ಅಡ್ಡಹೆಸರು ಕಾಫಿಮನೆಗೆ ಅಂಟಿಕೊಂಡದ್ದು ಸುಮ್ಮನೆ ಅಲ್ಲ. ಆದರೆ ಈ ವಿದ್ಯಾಪೀಠದ ಬಾಗಿಲು ಗಂಡಸರಿಗೆ ಮಾತ್ರ ತೆರೆದಿತ್ತು. ಕಾಫಿಮನೆ ನಡೆಸುವ ಹೆಂಗಸರಿದ್ದರು; ಮೇಜಿನಲ್ಲಿ ಕುಳಿತು ವಾದಿಸುವ ಹೆಂಗಸರು ಇರಲಿಲ್ಲವೆಂದೇ ಹೇಳಬೇಕು. ಪೆನ್ನಿಯೂ ಕೈಗೆಟುಕದ ಕೂಲಿಯವರೂ ಹೊರಗೇ.

ಧೂಮಕೇತುವಿನ ಸುದ್ದಿ

1660ರ ನವೆಂಬರ್ 28ರಂದು ಲಂಡನ್ನಿನ ಗ್ರೆಷಮ್ ಕಾಲೇಜಿನಲ್ಲಿ ಖಗೋಳ ಪ್ರಾಧ್ಯಾಪಕ ಕ್ರಿಸ್ಟೋಫರ್ ರೆನ್‌ನ ಉಪನ್ಯಾಸ ಮುಗಿದ ಮೇಲೆ ಕೆಲವರು ಸೇರಿ ಒಂದು ಸಂಘ ಕಟ್ಟಲು ನಿಶ್ಚಯಿಸಿದರು. ಅದೇ ಮುಂದೆ ರಾಯಲ್ ಸೊಸೈಟಿಯಾಯಿತು. ಯಾರ ಮಾತನ್ನೂ ಹಾಗೆಯೇ ನಂಬಬೇಡ ಎಂಬುದು ಅದರ ಲ್ಯಾಟಿನ್ ಧ್ಯೇಯವಾಕ್ಯದ ತಾತ್ಪರ್ಯ. ಅಲ್ಲಿ ಪ್ರಯೋಗ ಮಾಡಿ ತೋರಿಸುವ ಹೊಣೆ 1662ರಿಂದ ರಾಬರ್ಟ್ ಹುಕ್‌ನದು. ಸಭೆ ವಾರಕ್ಕೊಮ್ಮೆ, ಮಾತು ಮಾತ್ರ ದಿನವೂ. ಸಭೆ ಮುಗಿದರೆ ಸದಸ್ಯರ ಕಾಲು ಕಾಫಿಮನೆಯ ಕಡೆಗೆ ತಿರುಗುತ್ತಿತ್ತು. ಹುಕ್‌ನ ದಿನಚರಿಯಲ್ಲಿ ಬರುವ ಕಾಫಿಮನೆಗಳ ಸಂಖ್ಯೆ 60ಕ್ಕೂ ಹೆಚ್ಚು. ಎಕ್ಸ್‌ಚೇಂಜ್ ಓಣಿಯ ಗ್ಯಾರವೇಸ್ ಅವನಿಗೆ ಬಲು ಇಷ್ಟ.

ಸುದ್ದಿ ಹೇಗೆ ಹರಡುತ್ತಿತ್ತು ಎಂಬುದಕ್ಕೆ ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್‌ನ ದಿನಚರಿ ಒಳ್ಳೆಯ ಸಾಕ್ಷಿ. 1664ರ ಡಿಸೆಂಬರ್ 15ರಂದು ಅವನು ಕಾಫಿಮನೆಗೆ ಹೋದಾಗ ಅಲ್ಲೆಲ್ಲ ಧೂಮಕೇತುವಿನದೇ ಮಾತು. ಬೇರೆ ಬೇರೆ ಕಡೆ ಕಂಡಿದೆ, ಸಮುದ್ರದಲ್ಲಿರುವ ನಾವಿಕರಿಗೂ ಕಂಡಿದೆ ಎಂಬ ವರ್ತಮಾನ. ಮುಂದಿನ ಮಾರ್ಚ್ 1ರಂದು ಪೀಪ್ಸ್ ಗ್ರೆಷಮ್ ಕಾಲೇಜಿನಲ್ಲಿ ಹುಕ್‌ನ ಉಪನ್ಯಾಸ ಕೇಳಿದ. ಇದು 1618ರಲ್ಲಿ ಬಂದ ಧೂಮಕೇತುವೇ ಇರಬಹುದು, ಮತ್ತೆಯೂ ಬರಬಹುದು ಎಂದು ಹುಕ್ ವಾದಿಸಿದ. ಬಲು ಹೊಸ ಅಭಿಪ್ರಾಯ ಎಂದು ಪೀಪ್ಸ್ ಬರೆದಿಟ್ಟ. ಆ ಧೂಮಕೇತುವಿನ ಮಟ್ಟಿಗೆ ಹುಕ್ ಹೇಳಿದ್ದು ತಪ್ಪು. ಆದರೆ ಧೂಮಕೇತುಗಳು ಮರಳಿ ಬರುತ್ತವೆ ಎಂಬ ಕಲ್ಪನೆ ತಪ್ಪಲ್ಲ. 1682ರಲ್ಲಿ ಕಂಡ ಇನ್ನೊಂದು ಧೂಮಕೇತು ಮತ್ತೆ ಬರುತ್ತದೆಂದು ಎಡ್ಮಂಡ್ ಹ್ಯಾಲಿ 1705ರಲ್ಲಿ ಬರೆದ. 1758ರ ಡಿಸೆಂಬರಿನಲ್ಲಿ ಅದು ಬಂತು. ನೋಡಲು ಹ್ಯಾಲಿ ಬದುಕಿರಲಿಲ್ಲ.

ನಗು ಮತ್ತು ನಿಷೇಧ

ಇಂಥ ಚರ್ಚೆಗಳನ್ನು ಎಲ್ಲರೂ ಮೆಚ್ಚಿದರೆಂದಲ್ಲ. ಸಂಘಕ್ಕೆ ಸನ್ನದು ಕೊಟ್ಟ ಅರಸ ಎರಡನೆಯ ಚಾರ್ಲ್ಸನೇ, ಕೂತ ದಿನದಿಂದ ಗಾಳಿ ತೂಗುವುದೇ ಇವರ ಕೆಲಸ ಎಂದು 1664ರಲ್ಲಿ ನಕ್ಕಿದ್ದ. 1676ರಲ್ಲಿ ಥಾಮಸ್ ಶ್ಯಾಡ್ವೆಲ್‌ನ ನಾಟಕವೊಂದು ಲಂಡನ್ನಿನಲ್ಲಿ ರಂಗಕ್ಕೆ ಬಂತು. ಅದರ ನಾಯಕ ನೀರಿಗಿಳಿಯದೆ ಮೇಜಿನ ಮೇಲೆ ಮಲಗಿ ಈಜು ಕಲಿಯುವ ಪಂಡಿತ. ನಾಟಕ ನೋಡಲು ಹೋದ ಹುಕ್‌ಗೆ, ಜನ ತನ್ನತ್ತಲೇ ಬೆರಳು ತೋರಿಸುವಂತೆ ಕಂಡಿತು. ಆ ಅವಮಾನವನ್ನು ದಿನಚರಿಯಲ್ಲಿ ಸಿಟ್ಟಿನಿಂದ ತೋಡಿಕೊಂಡ.

ಅರಮನೆಯ ನಿಜವಾದ ಭಯ ಬೇರೆ. ವಿಜ್ಞಾನ ಮಾತಾಡುವ ಮೇಜಿನಲ್ಲಿಯೇ ರಾಜಕಾರಣವೂ ನಡೆಯುತ್ತಿತ್ತು. ಅರಸನ ತಂದೆಯ ತಲೆ ಹೋಗಿ ಮೂವತ್ತು ವರ್ಷವೂ ಆಗಿರಲಿಲ್ಲ. 1675ರ ಡಿಸೆಂಬರ್ 29ರಂದು ಒಂದು ರಾಜಾಜ್ಞೆ ಹೊರಟಿತು: ಕಾಫಿಮನೆಗಳಲ್ಲಿ ಸುಳ್ಳು ಸುದ್ದಿ, ಅಪವಾದ ಹರಡುತ್ತಿರುವುದರಿಂದ ಜನವರಿ 10ರಿಂದ ಎಲ್ಲವೂ ಬಂದ್. ಊರಿನಲ್ಲಿ ಕೋಲಾಹಲವೆದ್ದಿತು. ಅಂಗಡಿಯವರು ತಮ್ಮಲ್ಲಿ ಉಳಿದ ದಾಸ್ತಾನಿನ ನಷ್ಟ ತೋಡಿಕೊಂಡರು. ಕಾಫಿಯಿಂದ ಸರ್ಕಾರಕ್ಕೆ ಬರುವ ಸುಂಕವೂ ಇತ್ತು. ಆಜ್ಞೆ ಜಾರಿಗೆ ಬರುವ ಎರಡು ದಿನ ಮೊದಲೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಮಾತಾಡುವ ಚಟ ಹಿಡಿದ ಊರಿನ ಬಾಯಿ ಮುಚ್ಚಿಸುವುದು ಅರಸನಿಗೂ ಸುಲಭವಾಗಲಿಲ್ಲ.

ನಲವತ್ತು ಶಿಲಿಂಗಿನ ಪಂದ್ಯ

1684ರ ಜನವರಿಯ ಒಂದು ಬುಧವಾರ ರೆನ್, ಹುಕ್, ಹ್ಯಾಲಿ ಮೂವರೂ ಲಂಡನ್ನಿನಲ್ಲಿ ಸೇರಿದರು. ಕಾಫಿಮನೆಯಲ್ಲೇ ಸೇರಿದರೆಂದು ರೂಢಿಯಲ್ಲಿ ಹೇಳುತ್ತಾರೆ. ನಡೆದದ್ದನ್ನು ಬರೆದಿಟ್ಟ ಹ್ಯಾಲಿ ಜಾಗದ ಹೆಸರು ಹೇಳಿಲ್ಲ. ಮಾತು ಗ್ರಹಗಳತ್ತ ಹೊರಳಿತು. ಸೂರ್ಯನ ಸೆಳೆತ ದೂರದ ವರ್ಗಕ್ಕೆ ವಿಲೋಮವಾಗಿ, ಎಂದರೆ ದೂರ ಎರಡರಷ್ಟಾದರೆ ಸೆಳೆತ ನಾಲ್ಕನೆಯ ಒಂದಾಗುವಂತೆ, ಕುಗ್ಗುತ್ತದೆ ಎಂದು ಹ್ಯಾಲಿ ಊಹಿಸಿದ್ದ. ಆದರೆ ಆ ಊಹೆಯಿಂದ ಗ್ರಹಗಳ ಚಲನೆಯನ್ನು ಸಾಧಿಸಿ ತೋರಿಸಲು ಅವನಿಂದಾಗಿರಲಿಲ್ಲ. ತಾನು ಸಾಧಿಸಿದ್ದೇನೆ ಎಂದ ಹುಕ್. ರೆನ್ ಆಗ ಪಂದ್ಯ ಒಡ್ಡಿದ: ಎರಡು ತಿಂಗಳೊಳಗೆ ಸಾಧಿಸಿ ತೋರಿಸಿದವರಿಗೆ ನಲವತ್ತು ಶಿಲಿಂಗ್ ಬೆಲೆಯ ಪುಸ್ತಕ ಬಹುಮಾನ. ಪೆನ್ನಿಯ ಲೆಕ್ಕದಲ್ಲಿ ಅದು 480 ಬಟ್ಟಲು ಕಾಫಿ. ಈಗಲೇ ತೋರಿಸುವುದಿಲ್ಲ, ಬೇರೆಯವರು ಸೋತು ಇದರ ಬೆಲೆ ಅರಿಯಲಿ ಎಂಬ ಅರ್ಥದ ಉತ್ತರ ಕೊಟ್ಟ ಹುಕ್. ಎರಡು ತಿಂಗಳು ಕಳೆದವು. ಹುಕ್‌ನ ಸಾಧನೆ ಹೊರಬರಲಿಲ್ಲ.

ಆಗಸ್ಟಿನಲ್ಲಿ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ ಐಸಾಕ್ ನ್ಯೂಟನ್‌ನನ್ನು ಕಂಡ. ಸೆಳೆತ ಹೀಗೆ ಕುಗ್ಗುವುದಾದರೆ ಗ್ರಹದ ದಾರಿ ಯಾವ ಆಕಾರದ್ದು ಎಂದು ಕೇಳಿದ. ದೀರ್ಘವೃತ್ತ ಎಂದು ನ್ಯೂಟನ್ ಕೂಡಲೇ ಉತ್ತರಿಸಿದ. ಲೆಕ್ಕ ಹಾಕಿ ನೋಡಿದ್ದೇನೆ ಎಂದ. ಹುಡುಕಿದರೆ ಆ ಕಾಗದ ಸಿಗಲಿಲ್ಲ. ಮತ್ತೆ ಬರೆದು ನವೆಂಬರಿನಲ್ಲಿ ಕಳಿಸಿಕೊಟ್ಟ. ಆ ಕೆಲವು ಹಾಳೆಗಳೇ ಬೆಳೆದು 1687ರಲ್ಲಿ ಪ್ರಿನ್ಸಿಪಿಯಾ ಎಂಬ ಮಹಾಗ್ರಂಥವಾದವು. ಮೀನುಗಳ ಚರಿತ್ರೆಯ ಒಂದು ಪುಸ್ತಕ ಅಚ್ಚುಹಾಕಿಸಿ ಸೊಸೈಟಿ ಕೈ ಬರಿದು ಮಾಡಿಕೊಂಡಿದ್ದರಿಂದ ಪ್ರಿನ್ಸಿಪಿಯಾದ ಅಚ್ಚಿನ ಖರ್ಚು ಹೊತ್ತವನು ಹ್ಯಾಲಿಯೇ. ಶೀರ್ಷಿಕೆ ಪುಟದಲ್ಲಿ ಅನುಮತಿ ಕೊಟ್ಟ ಅಧ್ಯಕ್ಷನ ಹೆಸರಿದೆ: ಕಾಫಿಮನೆಯಲ್ಲಿ ಧೂಮಕೇತುವಿನ ಸುದ್ದಿ ಕೇಳಿದ್ದ ಅದೇ ಸ್ಯಾಮ್ಯುಯೆಲ್ ಪೀಪ್ಸ್.

ಕಾಫಿಮನೆಯ ತೀರ್ಪು

ಗ್ರಂಥ ಅಚ್ಚಾಗುವ ಮೊದಲು ನಡೆದದ್ದೇ ಈ ಕಥೆಯ ಮುಖ್ಯ ಭಾಗ. 1686ರ ಏಪ್ರಿಲ್ 28ರಂದು ಮೊದಲ ಭಾಗದ ಹಸ್ತಪ್ರತಿ ಸೊಸೈಟಿಯ ಮುಂದೆ ಬಂತು. ಸದಸ್ಯರು ಹೊಗಳಿದರು. ಸಭೆ ಮುಗಿಸಿ ಎಲ್ಲರೂ ಕಾಫಿಮನೆಗೆ ಹೋದರು. ಅಲ್ಲಿ ಹುಕ್ ಬಾಯಿಬಿಟ್ಟ: ಇಂಥದೇ ಸಾಧನೆ ತನ್ನ ಬಳಿಯೂ ಇದೆ, ನ್ಯೂಟನ್‌ಗೆ ಮೊದಲ ಸುಳಿವು ಕೊಟ್ಟವನು ತಾನೇ. ಕೂತವರು ಕೇಳಿದರು, ಆದರೆ ಒಪ್ಪಲಿಲ್ಲ. ಅಚ್ಚಿನಲ್ಲಿ ಇಲ್ಲ, ಸೊಸೈಟಿಯ ದಾಖಲೆಯಲ್ಲಿಯೂ ಇಲ್ಲ. ಆದ್ದರಿಂದ ನ್ಯೂಟನ್‌ನೇ ಕರ್ತೃ ಎಂಬುದು ಅವರೆಲ್ಲರ ಅಭಿಪ್ರಾಯವೆಂದು ಹ್ಯಾಲಿ ಜೂನ್ 29ರ ಪತ್ರದಲ್ಲಿ ನ್ಯೂಟನ್‌ಗೆ ತಿಳಿಸಿದ. ಪತ್ರ ಬರೆಯಲು ತುರ್ತು ಕಾರಣವಿತ್ತು. ಹುಕ್‌ನ ಮಾತು ಕಿವಿಗೆ ಬಿದ್ದು ಕೆರಳಿದ ನ್ಯೂಟನ್ ಮೂರನೆಯ ಭಾಗವನ್ನೇ ಪ್ರಕಟಿಸುವುದಿಲ್ಲ ಎಂದಿದ್ದ. ಧೂಮಕೇತು, ಉಬ್ಬರವಿಳಿತ, ಚಂದ್ರನ ಚಲನೆ ಎಲ್ಲವೂ ಇರುವುದು ಆ ಭಾಗದಲ್ಲಿಯೇ. ಹ್ಯಾಲಿಯ ತಾಳ್ಮೆಯ ಮಾತು ಅದನ್ನು ಉಳಿಸಿತು.

ಕಾಫಿಮನೆಯ ತೀರ್ಪು ಪೂರ್ತಿ ನ್ಯಾಯವೇ? ಹಾಗೆ ಹೇಳುವಂತಿಲ್ಲ. ಆಕಾಶಕಾಯಗಳು ಒಂದನ್ನೊಂದು ಸೆಳೆಯುತ್ತವೆ, ಹತ್ತಿರವಾದಷ್ಟೂ ಸೆಳೆತ ಹೆಚ್ಚು ಎಂದು ಹುಕ್ 1674ರಲ್ಲಿಯೇ ಅಚ್ಚುಹಾಕಿಸಿದ್ದ. 1679-80ರಲ್ಲಿ ನ್ಯೂಟನ್‌ಗೆ ಬರೆದ ಪತ್ರಗಳಲ್ಲಿ ವರ್ಗದ ನಿಯಮವನ್ನೂ ಸೂಚಿಸಿದ್ದ. ಆ ಪತ್ರವ್ಯವಹಾರವೇ ತನ್ನನ್ನು ದೀರ್ಘವೃತ್ತದ ಲೆಕ್ಕಕ್ಕೆ ತಿರುಗಿಸಿತೆಂದು ನ್ಯೂಟನ್ ಹ್ಯಾಲಿಯ ಮುಂದೆ ಒಪ್ಪಿಕೊಂಡ. ಗ್ರಂಥದ ಒಂದು ಕಡೆ ರೆನ್, ಹ್ಯಾಲಿಯವರ ಜೊತೆಗೆ ಹುಕ್‌ನ ಹೆಸರೂ ಬಂತು, ಅಷ್ಟೇ. ಊಹೆ ಹುಕ್‌ನಲ್ಲಿತ್ತು, ಸಾಧನೆ ಹೊರಗೆ ಬರಲಿಲ್ಲ. ಇಂಥ ಊಹೆಗೆ ಎಷ್ಟು ಪಾಲು ಸಲ್ಲಬೇಕು ಎಂಬ ಪ್ರಶ್ನೆಯನ್ನು ಚರಿತ್ರಕಾರರು ಇನ್ನೂ ಚರ್ಚಿಸುತ್ತಿದ್ದಾರೆ.

ಹರಟೆಯಿಂದ ಪತ್ರಿಕೆಗೆ

ಮಾತು ಮುಂದೆ ಅಚ್ಚಿಗೂ ಇಳಿಯಿತು. 1691ರ ಮಾರ್ಚಿನಲ್ಲಿ ಪುಸ್ತಕ ವ್ಯಾಪಾರಿ ಜಾನ್ ಡಂಟನ್ ಒಂದು ಪತ್ರಿಕೆ ಶುರುಮಾಡಿದ. ಅಥೇನಿಯನ್ ಮರ್ಕ್ಯುರಿ ಎಂದು ಹೆಸರಾದ ಅದು ಬರೀ ಪ್ರಶ್ನೋತ್ತರ. ಪ್ರಶ್ನೆ ಕಳಿಸಬೇಕಾದ ವಿಳಾಸ ಒಂದು ಕಾಫಿಮನೆ. ಹೆಸರು ಹೇಳಬೇಕಾಗಿಲ್ಲ. ಪ್ರಕೃತಿ, ಗಣಿತ, ಧರ್ಮ, ಮದುವೆ, ಯಾವುದನ್ನು ಬೇಕಾದರೂ ಕೇಳಬಹುದು. ಹೆಂಗಸರೂ ಕೇಳಬಹುದೆಂದು ಪತ್ರಿಕೆ ಸಾರಿತು. ಕಾಫಿಮನೆಯ ಮೇಜಿನಲ್ಲಿ ಸಿಗದ ಜಾಗ ಅವರಿಗೆ ಹಾಳೆಯ ಮೇಲೆ ಸಿಕ್ಕಿತು. 1697ರವರೆಗೆ ಸಾವಿರಾರು ಪ್ರಶ್ನೆಗಳಿಗೆ ಅದು ಉತ್ತರ ಕೊಟ್ಟಿತು. 1698ರಿಂದ ಮೆರೀನ್ ಕಾಫಿಮನೆಯಲ್ಲಿ ಜಾನ್ ಹ್ಯಾರಿಸ್ ಸಾರ್ವಜನಿಕರಿಗೆ ಗಣಿತ ಬೋಧಿಸತೊಡಗಿದ. ಹಡಗುಗಳ ಸುದ್ದಿ ಸೇರುತ್ತಿದ್ದ ಎಡ್ವರ್ಡ್ ಲಾಯ್ಡ್‌ನ ಕಾಫಿಮನೆಯಿಂದ ಲಾಯ್ಡ್ಸ್ ವಿಮಾ ಸಂಸ್ಥೆ ಹುಟ್ಟಿತು.

ಕಾಫಿಮನೆ ಕೊಟ್ಟದ್ದು ಪ್ರಶ್ನೆಯನ್ನು, ಪಂದ್ಯವನ್ನು, ಹುರುಪನ್ನು. ಉತ್ತರ ಬಂದದ್ದು ಕೇಂಬ್ರಿಜ್‌ನ ಒಂಟಿ ಕೋಣೆಯಿಂದ. ಆದರೆ ಪ್ರಶ್ನೆ ಹೊತ್ತು ಅಲ್ಲಿಗೆ ಹೋಗುವ ಹ್ಯಾಲಿ ಇರದಿದ್ದರೆ ಆ ಕೋಣೆಯ ಕಾಗದ ಕಳೆದದ್ದು ಕಳೆದೇ ಇರುತ್ತಿತ್ತೇನೋ. ಹುಕ್ ಸೋತದ್ದು ಮಾತಾಡಿದ್ದಕ್ಕಲ್ಲ, ಮಾತಿನಲ್ಲೇ ನಿಂತದ್ದಕ್ಕೆ. ಒಂದು ಪೆನ್ನಿ ಕೊಟ್ಟವನಿಗೆ ಬಾಯಿ ತೆರೆಯುವ ಹಕ್ಕು ಇತ್ತು. ನಂಬಿಸಬೇಕಾದರೆ ಕಾಗದ ತೋರಿಸಬೇಕಿತ್ತು. ಆ ಮೇಜಿನ ಸುತ್ತ ಕೂತವರಿಗೆ ಈ ವ್ಯತ್ಯಾಸ ಗೊತ್ತಿತ್ತು.