ನಗರದ ಪಕ್ಷಿಗಳು ಮತ್ತು ಕೆಂಪು ಬಣ್ಣದ ನಕಾಶೆಗಳು

ಆಕರಗಳು ಮೌನವಾಗಿರುವಲ್ಲಿ ಏನೂ ನಡೆಯಲಿಲ್ಲವೆಂದು ತೀರ್ಮಾನಿಸಬಾರದೆಂಬುದು ಇತಿಹಾಸಾಧ್ಯಯನದ ಮೊದಲ ಪಾಠ. ಶಾಸನ ದೊರೆಯದ ಊರಿನಲ್ಲಿ ಜನರೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಈ ಪಾಠವು ಪ್ರಕೃತಿವಿಜ್ಞಾನಕ್ಕೂ ಸಲ್ಲುವುದೆಂಬುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಕ್ಷಿದಾಖಲೆಗಳು ಒಳ್ಳೆಯ ನಿದರ್ಶನವಾಗಿವೆ.

1933ರಲ್ಲಿ ಆ ದೇಶದ ಸರ್ಕಾರವು ಆರ್ಥಿಕ ಮುಗ್ಗಟ್ಟಿಗೆ ಸಿಲುಕಿದ ಮನೆಯೊಡೆಯರ ನೆರವಿಗಾಗಿ ಸಾಲ ನಿಗಮವೊಂದನ್ನು ಸ್ಥಾಪಿಸಿತು. ಈ ನಿಗಮವು ಇನ್ನೂರಕ್ಕೂ ಹೆಚ್ಚು ನಗರಗಳ ನಕಾಶೆಗಳನ್ನು ರಚಿಸಿ, ಬಡಾವಣೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ಹಸಿರು ಅತ್ಯುತ್ತಮವಾದುದಕ್ಕೆ, ಕೆಂಪು ಅಪಾಯಕರವಾದುದಕ್ಕೆ. ಕಪ್ಪು ಜನರ ಬಡಾವಣೆಗಳು ಬಹುಮಟ್ಟಿಗೆ ಕೆಂಪಿನ ಪಾಲಾದುವು. ಭೇದವನ್ನು ಹುಟ್ಟಿಸಿದುದು ಈ ನಕಾಶೆಗಳೇ ಎನ್ನುವುದು ಸರಿಯಲ್ಲ; ಮೊದಲೇ ಬೇರೂರಿದ್ದ ಭೇದಕ್ಕೆ ಅವು ಸರ್ಕಾರದ ಮುದ್ರೆಯನ್ನೊತ್ತಿದುವು. 1968ರ ಕಾನೂನು ವಸತಿಯಲ್ಲಿ ವರ್ಣಭೇದವನ್ನು ನಿಷೇಧಿಸಿತಾದರೂ, ಅಂದು ಕೆಂಪಾಗಿದ್ದ ಬಡಾವಣೆಗಳಲ್ಲಿ ಇಂದಿಗೂ ಮರಗಳ ನೆರಳು ವಿರಳ.

2002ರಲ್ಲಿ ಆರಂಭವಾದ 'ಈ-ಬರ್ಡ್' ಯೋಜನೆಯಲ್ಲಿ ಸ್ವಯಂಸೇವಕರು ತಾವು ಕಂಡ ಪಕ್ಷಿಗಳನ್ನು ದಾಖಲಿಸುತ್ತಾರೆ. ಆದರೆ ಅವರು ಹೋಗದ ಬೀದಿಯ ಹಕ್ಕಿಗೆ ದಾಖಲೆಯಿಲ್ಲ. 195 ನಗರಗಳನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಳೆಯ ಕೆಂಪು ಬಡಾವಣೆಗಳಲ್ಲಿಯೇ ಪಕ್ಷಿವೀಕ್ಷಣೆಯ ದಾಖಲೆಗಳು ಅತಿ ವಿರಳವೆಂದು ತೋರಿಸಿತು. ಷಿಕಾಗೋ ಮೂಲದ ನಗರಪರಿಸರ ವಿಜ್ಞಾನಿ ಡೇಜಾ ಪರ್ಕಿನ್ಸ್ ಅವರು ಅದಕ್ಕೂ ಮುನ್ನವೇ ಉತ್ತರ ಕೆರೊಲಿನಾದಲ್ಲಿ ಇಂತಹ ಕುರುಡುತಾಣಗಳನ್ನು ಅಭ್ಯಸಿಸಿದ್ದರು.

ವೀಕ್ಷಕರು ಯಾರೆಂಬ ಪ್ರಶ್ನೆಯೂ ಇಲ್ಲಿ ಮುಖ್ಯವಾದುದು. 2020ರ ಮೇ 25ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪಕ್ಷಿಗಳನ್ನು ನೋಡುತ್ತಿದ್ದ ಕ್ರಿಶ್ಚಿಯನ್ ಕೂಪರ್ ಎಂಬ ಕಪ್ಪು ಗೃಹಸ್ಥರು, ನಾಯಿಯನ್ನು ಕಟ್ಟಿಹಿಡಿಯುವಂತೆ ಬಿಳಿಯ ಮಹಿಳೆಯೊಬ್ಬರನ್ನು ಕೇಳಿದರು. ಆಕೆ ತನಗೆ ಪ್ರಾಣಭಯವೆಂದು ಪೋಲೀಸರಿಗೆ ದೂರವಾಣಿ ಮಾಡಿದರು. ಅದೇ ವಾರಾಂತ್ಯದಲ್ಲಿ ಪರ್ಕಿನ್ಸ್ ಮೊದಲಾದವರು 'ಕಪ್ಪು ಪಕ್ಷಿವೀಕ್ಷಕರ ಸಪ್ತಾಹ'ವನ್ನು ಆರಂಭಿಸಿದರು. ದುರ್ಬೀನು ಹಿಡಿದು ನಿಲ್ಲುವುದೇ ಸಂಶಯಕ್ಕೆ ಎಡೆಯಾದರೆ, ಆ ವೀಕ್ಷಕನ ದಾಖಲೆ ವಿಜ್ಞಾನಕ್ಕೆ ದೊರೆಯುವುದಾದರೂ ಹೇಗೆ?

ಪಕ್ಷಿಸಂರಕ್ಷಣೆಯ ಯೋಜನೆಗಳು ದಾಖಲೆಗಳನ್ನು ಅವಲಂಬಿಸುತ್ತವೆ. ದಾಖಲೆಯಿಲ್ಲದ ಬಡಾವಣೆ ಹಕ್ಕಿಗಳಿಲ್ಲದ ಬಡಾವಣೆಯೆಂದು ಗಣಿತವಾದರೆ, ಅಲ್ಲಿಗೆ ಮರವೂ ಬಾರದು, ಉದ್ಯಾನವೂ ಬಾರದು. ಹಳೆಯ ನಕಾಶೆಯ ತೀರ್ಪು ಮತ್ತೊಮ್ಮೆ ಜಾರಿಗೆ ಬಂದಂತಾಗುವುದು. ಆದುದರಿಂದ ವಿಜ್ಞಾನದಲ್ಲಿ ಸಮಾನತೆಯು ನ್ಯಾಯದ ಬೇಡಿಕೆಯಾಗಿರುವಂತೆಯೇ ಪ್ರಾಮಾಣ್ಯದ ಬೇಡಿಕೆಯೂ ಆಗಿದೆಯೆಂದು ನಾವು ಭಾವಿಸುತ್ತೇವೆ.